ಅಡಿಕೆ ಬುಡದ ಒಂದೆಲಗ

ಹಾನಗಲ್ಲ ಸೀಮೆಯ ಅಡಿಕೆ ತೋಟಕ್ಕೆ ಕಾಲಿಟ್ಟವರ ಕಣ್ಣು ಮೊದಲು ಮೇಲಿನ ಗೊನೆಗೆ ಹೋಗುತ್ತದೆ. ನನ್ನ ಮೆಚ್ಚುಗೆಯೆಲ್ಲ ಬುಡದಲ್ಲಿ ಹಬ್ಬಿಕೊಂಡ ಒಂದೆಲಗಕ್ಕೆ. ಇದನ್ನು ಬೆಳೆಯೆಂದು ಲೆಕ್ಕಕ್ಕೆ ಹಿಡಿಯುವವರೇ ಕಡಿಮೆ.

ಬಗ್ಗಿ ನೋಡಿ. ನೆಲಕ್ಕಂಟಿದ ಎಳೆಬಳ್ಳಿ; ಗೆಣ್ಣು ಗೆಣ್ಣಿಗೂ ಕೆಳಗೆ ಬೇರು, ಮೇಲೆ ಉದ್ದ ತೊಟ್ಟಿನ ದುಂಡನೆಯ ಎಲೆ, ಅಂಚಿಗೆ ಸಣ್ಣ ಕಚ್ಚು. ನಸುಗೆಂಪು ಹೂವು ಎಲೆಯ ಮರೆಯಲ್ಲಿ ಅಡಗಿರುತ್ತದೆ, ಹುಡುಕದೆ ಸಿಗದು. ಕೊತ್ತಂಬರಿ, ಜೀರಿಗೆಯ ಕುಟುಂಬದ ಗಿಡವೆಂದರೆ ನಂಬುವುದು ಕಷ್ಟ!

ಬೀಜ ಬೇಕಿಲ್ಲ. ಬೇರುಬಿಟ್ಟ ಗೆಣ್ಣುಗಳನ್ನು ಗೇಣಿಗೊಂದರಂತೆ ಊರಿದರಾಯಿತು. ಅರೆನೆರಳು, ಸದಾ ತೇವ ಇರಬೇಕು. ಹಬ್ಬಿದ ಮೇಲೆ ಮಳೆಹನಿಯ ಹೊಡೆತ ತಡೆದು, ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುತ್ತದೆ. ಹಿರೇಕೆರೂರು, ಶಿಗ್ಗಾಂವಿಯ ಕೆರೆ ಕೆಳಗಿನ ತೋಟಗಳಿಗೆ ಹೇಳಿ ಮಾಡಿಸಿದ ಹಾಸು. ಸವಣೂರಿನ ಬಿಸಿಲಿಗೆ ಮಾತ್ರ ಬಾಳೆಯ ನೆರಳು, ತಪ್ಪದ ನೀರು ಬೇಕು.

ಇನ್ನು ತಂಬುಳಿ. ಒಂದು ಹಿಡಿ ಎಲೆ, ತುಪ್ಪದಲ್ಲಿ ಹುರಿದ ಜೀರಿಗೆ, ಮೆಣಸು, ಕಾಯಿತುರಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆ ಸಣ್ಣ ಕಹಿಗೆ ಅನ್ನ ಸಾಲದು. ಇದರಿಂದ ನೆನಪಿನ ಶಕ್ತಿ ಹೆಚ್ಚುತ್ತದೆಂಬ ಮಾತು ವೈದ್ಯರಿಗಿರಲಿ, ನನಗೆ ರುಚಿಯೇ ಸಾಕು.

ಒಂದೆಲಗವನ್ನು ಬ್ರಾಹ್ಮಿ ಎಂದೂ ಕರೆಯುತ್ತಾರೆ; ಆ ಹೆಸರಿಗೆ ಮರುಳಾಗಿ ನೀರುಬ್ರಾಹ್ಮಿ ತರಬೇಡಿ. ಅದು ಬೇರೆಯೇ ಗಿಡ. ಚರಂಡಿ ದಂಡೆಯ ಒಂದೆಲಗವನ್ನಂತೂ ಕೀಳಲೇಬೇಡಿ, ಕೊಳಚೆಯಲ್ಲೂ ಅದು ಅಷ್ಟೇ ಹಸಿರಾಗಿ ಬೆಳೆಯುತ್ತದೆ.