ಖಾಸಿಮ್ ಮರೆತ ಮಾತು

ಅಲಿಬಾಬಾನ ಅಣ್ಣ ಖಾಸಿಮ್ ದುರಾಸೆಯಿಂದ ಸತ್ತ ಎಂದೇ ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಬಂಗಾರ ಕಂಡು ತಲೆ ತಿರುಗಿತು, ಎಳ್ಳಿನ ಹೆಸರು ಮರೆತುಹೋಯಿತು, ಜವೆಗೋದಿಯಿಂದ ಹಿಡಿದು ನೆನಪಾದ ಕಾಳುಗಳನ್ನೆಲ್ಲ ಕೂಗಿದ, ಬಾಗಿಲು ತೆರೆಯಲಿಲ್ಲ. ಅಲೆಪ್ಪೊದ ಹನ್ನಾ ದಿಯಾಬ್ 1709ರಲ್ಲಿ ಪ್ಯಾರಿಸ್ಸಿನಲ್ಲಿ ಗಲ್ಲಾನ್ ಎಂಬ ಫ್ರೆಂಚ್ ವಿದ್ವಾಂಸನಿಗೆ ಹೇಳಿದ ಕಥೆ ಇದು. ಮುನ್ನೂರು ವರ್ಷಗಳಿಂದ ಓದಿದವರೆಲ್ಲ ಖಾಸಿಮನನ್ನು ಬೈದರು. ಗುಹೆಯ ಬಾಗಿಲನ್ನು ಬೈದವರು ಕಡಿಮೆ. ಹೊರಗೆ ಹೋಗುವವನಿಂದಲೂ ಗುಟ್ಟಿನ ಮಾತು ಕೇಳುವ ಬಾಗಿಲು ಎಂಥ ಬಾಗಿಲು? ಅಲ್ಲದೆ ನಲವತ್ತು ಮಂದಿಗೆ ಒಂದೇ ಮಾತು. ಮರದ ಮೇಲೆ ಕೂತ ಒಬ್ಬ ಕೇಳಿಸಿಕೊಂಡರೆ ಕೋಟೆ ಖಾಲಿ.

ಇಂದಿನ ಕಚೇರಿಗಳಲ್ಲಿ ಖಾಸಿಮರ ಸಂಖ್ಯೆ ದೊಡ್ಡದು. ಬೆಳಗಾವಿಯ ಕ್ಯಾಂಪಿನಲ್ಲಿ ಕೂತು ಈ ಮಾತು ಬರೆಯುವುದಕ್ಕೆ ಒಂದು ಔಚಿತ್ಯವೂ ಇದೆ. ಪಾಸ್‌ವರ್ಡ್ ಹುಟ್ಟಿದ್ದೇ ದಂಡಿನ ಪಾಳೆಯದಲ್ಲಿ. ರೋಮನ್ ಸೈನ್ಯದಲ್ಲಿ ಅಂದಂದಿನ ಗುಟ್ಟಿನ ಮಾತನ್ನು ಮರದ ಹಲಗೆಯ ಮೇಲೆ ಬರೆದು ತುಕಡಿಯಿಂದ ತುಕಡಿಗೆ ದಾಟಿಸುತ್ತಿದ್ದರು, ಕತ್ತಲಾಗುವ ಮುನ್ನ ಹಲಗೆ ಅಧಿಕಾರಿಗೆ ಮರಳಬೇಕಿತ್ತು ಎಂದು ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಗಮನಿಸಿ: ಮಾತನ್ನು ಹುಡುಕುವ ಹೊಣೆ ಸಿಪಾಯಿಯದಲ್ಲ, ತಲುಪಿಸುವ ಹೊಣೆ ಮೇಲಿನವರದು. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಈ ಊರಿನವರಿಗೆ ಕಾವಲಿನ ಶಿಸ್ತು ಹೊಸದಲ್ಲ. ಹೊಸದೆಂದರೆ, ಕಾವಲುಗಾರ, ಗುಟ್ಟು ಕಟ್ಟುವವ, ತಪ್ಪಿದರೆ ಶಿಕ್ಷೆ ಉಣ್ಣುವವ ಎಲ್ಲವೂ ಒಬ್ಬ ಗುಮಾಸ್ತನೇ ಆಗಿರುವುದು.

ಅವನ ಅಥವಾ ಅವಳ ಪಾಡು ನೋಡಿ. ಸಂಬಳದ ಬಿಲ್ಲಿಗೆ ಒಂದು, ತೆರಿಗೆಗೆ ಒಂದು, ಇಲಾಖೆಯ ಇಮೇಲಿಗೆ ಮತ್ತೊಂದು. ಎಂಟು ಅಕ್ಷರವಾದರೂ ಇರಬೇಕು, ದೊಡ್ಡ ಅಕ್ಷರ, ಅಂಕಿ, ಚಿಹ್ನೆ ಬೇಕು. ತೊಂಬತ್ತು ದಿನಕ್ಕೆ ಬದಲಾಗಬೇಕು. ಹಳೆಯದು ಮತ್ತೆ ಬರಕೂಡದು. ಮೂರು ಸಲ ತಪ್ಪಿದರೆ ಬಾಗಿಲು ಬಂದ್. ಆಮೇಲೆ ಬೆಂಗಳೂರಿಗೆ ಫೋನು. ಅಷ್ಟರಲ್ಲಿ ಖಾನಾಪುರದ ಕಾಡಂಚಿನ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದ ಮುದುಕಿಗೆ 'ನಾಳಿ ಬಾ ಆಯಿ' ಎಂಬ ಉತ್ತರ. ಪಾಸ್‌ವರ್ಡಿನ ಬಿಸಿ ಕೊನೆಗೆ ತಟ್ಟುವುದು ಪಾಸ್‌ವರ್ಡೇ ಇಲ್ಲದವರಿಗೆ.

ಇಷ್ಟೆಲ್ಲ ಕಟ್ಟಳೆಯಿಂದ ಗುಟ್ಟು ಗಟ್ಟಿಯಾಯಿತೇ? ಇಲ್ಲ. ಸಾಬರ ಹುಡುಗ 786 ಸೇರಿಸುತ್ತಾನೆ, ಪಕ್ಕದ ಮೇಜಿನವರು ಮನೆದೇವರ ಹೆಸರಿಗೆ 123 ಹಚ್ಚುತ್ತಾರೆ. ತೊಂಬತ್ತು ದಿನ ಕಳೆದರೆ 123 ಹೋಗಿ 124. ಕದಿಯುವವನಿಗೂ ಎಣಿಕೆ ಬರುತ್ತದೆ! ಭಾಷೆಯ ತೊಡಕು ಬೇರೆ. ನುಡಿ ತಂತ್ರಾಂಶ ಆನ್ ಆಗಿದ್ದರೆ ಪರದೆಯ ಮೇಲೆ ಕಾಣುವುದು ಬರೀ ಚುಕ್ಕಿ, ಒಳಗೆ ಹೋಗುವುದು ಬೇರೆ ಅಕ್ಷರ. ಕನ್ನಡ, ಮರಾಠಿ, ಉರ್ದು ಮೂರೂ ಬಲ್ಲ ಈ ಊರಿನ ನೌಕರ ತನ್ನ ಮನಸ್ಸಿಗೆ ಹತ್ತಿರದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು; ಬರೆದಾಗ 'ಎ' ಒಂದು ಹಾಕಿದ್ದೆನೋ ಎರಡೋ ಎಂದು ಮೂರು ತಿಂಗಳು ನೆನಪಿಡಬೇಕು.

ಈ ಕಟ್ಟಳೆಗಳು ಆಕಾಶದಿಂದ ಇಳಿದವಲ್ಲ. ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಸಂಸ್ಥೆಗಾಗಿ ಬಿಲ್ ಬರ್ ಎಂಬವರು 2003ರಲ್ಲಿ ಬರೆದ ಮಾರ್ಗದರ್ಶಿಯಿಂದ ಇವುಗಳಿಗೆ ಬಲ ಬಂತು. 2017ರಲ್ಲಿ, ನಿವೃತ್ತರಾದ ಮೇಲೆ, ತಾನು ಬರೆದದ್ದರಲ್ಲಿ ಬಹುಭಾಗಕ್ಕೆ ಈಗ ವಿಷಾದವಿದೆ ಎಂದು ಅವರೇ ಒಂದು ಅಮೆರಿಕನ್ ಪತ್ರಿಕೆಗೆ ಹೇಳಿದರು. ಅದೇ ವರ್ಷ ಆ ಸಂಸ್ಥೆಯೂ ಮಾತು ಬದಲಿಸಿತು: ಗುಟ್ಟು ಸೋರಿದ ಸುಳಿವಿಲ್ಲದೆ ಸುಮ್ಮನೆ ಬದಲಿಸಿ ಎನ್ನಬೇಡಿ, ಚಿಹ್ನೆ-ಅಂಕಿಗಳ ಒತ್ತಾಯ ಬೇಡ, ಉದ್ದವಾಗಿರಲಿ, ಇಂಗ್ಲಿಷೇತರ ಲಿಪಿಗಳನ್ನೂ ಒಪ್ಪಿಕೊಳ್ಳಿ. ಆ ಸುದ್ದಿ ನಮ್ಮ ಎಷ್ಟೋ ಕಚೇರಿಗಳಿಗೆ ಇನ್ನೂ ತಲುಪಿಲ್ಲ. ಅಮೆರಿಕದಿಂದ ಕಟ್ಟಳೆ ತರಿಸಿಕೊಳ್ಳುವ ನಮ್ಮ ಆತುರ ತಿದ್ದುಪಡಿ ತರಿಸಿಕೊಳ್ಳುವಾಗ ಕಾಣುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಬೇರೆಯೇ ಇದೆ. 'ನಾ ಮೀಟಿಂಗಿನ್ಯಾಗ ಅದೀನಿ, ನೀನ ಹಾಕಿ ಮುಗಿಸು' ಎಂದು ಸಾಹೇಬರು ತಮ್ಮ ಪಾಸ್‌ವರ್ಡನ್ನು ಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರಿಗೆ ಕೊಡುವುದು ಯಾವ ಊರಿನಲ್ಲಿಲ್ಲ? ಕೆಲಸ ಸುಗಮವಾಗಿ ನಡೆಯುವ ತನಕ ಅದು ನಂಬಿಕೆ. ಲೆಕ್ಕದಲ್ಲಿ ಹೆಚ್ಚುಕಡಿಮೆಯಾದ ದಿನ ಅದೇ ನಂಬಿಕೆ ಆರೋಪವಾಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಿಂದ ಸೇರಿದ 66ಸಿ ಕಲಮಿನ ಪ್ರಕಾರ, ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮೂರು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ. ಮೋಸವಿರಲಿಲ್ಲ, ಸಾಹೇಬರೇ ಕೊಟ್ಟದ್ದು ಎಂದು ಸಾಬೀತು ಮಾಡಲು ಆ ಹುಡುಗಿಯ ಕೈಯಲ್ಲಿ ಏನಿದೆ? ಬಾಯಿಮಾತಿಗೆ ಲಾಗ್ ಇರುವುದಿಲ್ಲ.

ಈ ಅಪಾಯ ಸರ್ಕಾರಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಈ ಶತಮಾನದ ಆರಂಭದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆಯಲ್ಲಿ ಪಾಸ್‌ವರ್ಡನ್ನಷ್ಟೇ ನಂಬದೆ ನೌಕರರ ಬೆರಳಚ್ಚನ್ನು ಬಳಸಿದರು. ದಾಖಲೆ ತಿದ್ದಿದವರು ಆಮೇಲೆ 'ನಾನಲ್ಲ' ಎನ್ನದಿರಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಬೆರಳೂ ಪೂರ್ತಿ ಪರಿಹಾರವಲ್ಲ. ಕಲ್ಲು ಹೊತ್ತು, ಕಬ್ಬು ಕಡಿದು ಸವೆದ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಗುರುತಿಸದೆ ಹೋದದ್ದನ್ನು ನಾವು ನೋಡಿದ್ದೇವೆ. ಪಾಸ್‌ವರ್ಡು ಸೋರಿದರೆ ಬದಲಿಸಬಹುದು, ಬೆರಳು ಬದಲಿಸಲಾದೀತೇ?

ಹಾಗಾಗಿ ಕಚೇರಿಗಳಿಂದ ಕೇಳಬೇಕಾದದ್ದು ಹೊಸ ಯಂತ್ರವನ್ನಲ್ಲ. ಆಪರೇಟರಿಗೆ ಅವಳದೇ ಹೆಸರಿನ ಲಾಗಿನ್ ಕೊಡಿ, ಅವಳು ಮಾಡಬಹುದಾದಷ್ಟೇ ಕೆಲಸಕ್ಕೆ. ಸಾಹೇಬರ ಒಪ್ಪಿಗೆಯನ್ನು ಸಾಹೇಬರೇ ಒತ್ತಲಿ. ತೊಂಬತ್ತು ದಿನದ ಗಡುವು ತೆಗೆಯಿರಿ. ಬಾಗಿಲು ಮುಚ್ಚಿಕೊಂಡಾಗ ತೆರೆಯಬಲ್ಲ ಒಬ್ಬ ಮನುಷ್ಯ ಬೆಂಗಳೂರಿನಲ್ಲಲ್ಲ, ತಾಲೂಕಿನಲ್ಲೇ ಇರಲಿ, ಮುದುಕಿ ಬಸ್ಸು ಹತ್ತುವ ಮುಂಚೆ ಫೋನು ಎತ್ತಲಿ.