ಓದಿನ ಪಣವೂ ಓದಿನ ನೇಮವೂ

ಪ್ರಾಚೀನ ಗ್ರಂಥಗಳನ್ನು ವರ್ಷಕ್ಕೆ ಇಷ್ಟೆಂದು ಎಣಿಸಿ ಓದಿ ಮುಗಿಸುವ ಪಣವನ್ನು ತೊಡುವದು ಇಂದಿನ ವಾಚಕ ಬಳಗಗಳಲ್ಲಿ ಒಂದು ರೂಢಿಯಾಗಿದೆ. ವರ್ಷಾರಂಭದಲ್ಲಿ ಹನ್ನೆರಡು ತೆರಪುಗಳುಳ್ಳ ಒಂದು ಪಟ್ಟಿಯು ಸಿದ್ಧವಾಗುವದು: ಇಂಥ ಶತಮಾನದ್ದೊಂದು, ಪರಭಾಷೆಯಿಂದ ಬಂದುದೊಂದು, ಸ್ತ್ರೀಯು ಬರೆದುದೊಂದು, ನಾಟಕವೊಂದು, ಹಿಂದೆ ಅರ್ಧಕ್ಕೆ ಬಿಟ್ಟುದೊಂದು. ಬಳಗದವರು ತಮತಮಗೆ ಒಪ್ಪಿದ ಗ್ರಂಥಗಳನ್ನು ಆಯ್ದುಕೊಂಡು, ಒಬ್ಬೊಬ್ಬರೇ ಕುಳಿತು ಓದಿ, ತೆರಪುಗಳನ್ನು ತುಂಬಿ, ವರ್ಷಾಂತ್ಯದಲ್ಲಿ ಲೆಕ್ಕವನ್ನು ಒಪ್ಪಿಸುವರು. ಎಷ್ಟು ಓದಿದಿರೆಂಬ ಪ್ರಶ್ನೆಗೆ ಇಲ್ಲಿ ಉತ್ತರವುಂಟು. ಹೇಗೆ ಓದಿದಿರೆಂಬ ಪ್ರಶ್ನೆಯು ಮಾತ್ರ ಪಟ್ಟಿಯ ಹೊರಗೆ ಉಳಿಯುವದು.

ಇದು ಇಂದು ನಿನ್ನೆ ಹುಟ್ಟಿದ ಸಂಗತಿಯೇನೂ ಅಲ್ಲ. ೧೮೮೬ರಲ್ಲಿ ಸರ್ ಜಾನ್ ಲಬ್ಬಕ್ಕರು ಲಂಡನ್ನಿನ ಶ್ರಮಜೀವಿಗಳ ಕಾಲೇಜಿನಲ್ಲಿ ಭಾಷಣ ಮಾಡಿ, ಓದಲೇಬೇಕಾದ ನೂರು ಗ್ರಂಥಗಳ ಪಟ್ಟಿಯೊಂದನ್ನು ಲೋಕದ ಮುಂದಿಟ್ಟರು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ಟರು ಐದು ಅಡಿಯ ಕಪಾಟಿನಲ್ಲಿ ಸಕಲ ಸಂಸ್ಕಾರವನ್ನೂ ಅಡಗಿಸಬಹುದೆಂದು ಹೇಳಿ, ೧೯೦೯ ರಿಂದ ೫೧ ಸಂಪುಟಗಳ ಮಾಲೆಯೊಂದನ್ನು ಹೊರಡಿಸಿದರು. ಲಬ್ಬಕ್ಕರ ಪಟ್ಟಿಯಲ್ಲಿ ಮಹಾಭಾರತ ರಾಮಾಯಣಗಳಿಗೂ ಸ್ಥಾನವುಂಟು. ಆದರೆ ಅವುಗಳನ್ನು ಓದಬೇಕಾದುದು ಟಾಲ್ಬೊಯ್ಸ್ ವ್ಹೀಲರರ ಇತಿಹಾಸಗ್ರಂಥದೊಳಗಿನ ಸಂಗ್ರಹದಿಂದ! ನೂರರ ಲೆಕ್ಕವು ತುಂಬಬೇಕಾದರೆ ಲಕ್ಷಶ್ಲೋಕದ ಗ್ರಂಥವು ಹೀಗೆ ಹಿಂಡಿಹೋಗಬೇಕಾಗುವದು. ಪಟ್ಟಿಯ ಗುಣವೂ ದೋಷವೂ ಈ ಒಂದು ಸಂಗತಿಯಲ್ಲಿಯೇ ಕಾಣುವವು. ದೂರದವನಿಗೆ ಹೆಸರನ್ನಾದರೂ ಅದು ಮುಟ್ಟಿಸಿತು, ಗ್ರಂಥವನ್ನು ಮುಟ್ಟಿಸಲಿಲ್ಲ.

ಪಣದಿಂದ ಪ್ರಯೋಜನವೇ ಇಲ್ಲವೆನ್ನುವದು ಅನ್ಯಾಯವಾದೀತು. ಮನುಷ್ಯನ ಆಲಸ್ಯಕ್ಕೆ ಅಂಕುಶವು ಬೇಕು. ನಾಲ್ವರೆದುರಿಗೆ ನುಡಿದ ಮಾತನ್ನು ನಡೆಸಬೇಕೆಂಬ ಸಂಕೋಚದಿಂದಲೇ ಎಷ್ಟೋ ಗ್ರಂಥಗಳ ಧೂಳು ಹಾರಿದೆ. ಪಂಪನು ತಾನೇ ಲೆಕ್ಕ ಹೇಳಿದವನು: ಆದಿಪುರಾಣವು ಮೂರು ತಿಂಗಳಲ್ಲಿಯೂ ಭಾರತವು ಆರು ತಿಂಗಳಲ್ಲಿಯೂ ಮುಗಿದವೆಂದು ಅವನ ಹೆಮ್ಮೆ. ಬರೆದವನಿಗೆ ಆರು ತಿಂಗಳು ಸಾಕಾದರೆ ಓದುವವನು ಒಂದು ವರ್ಷವನ್ನು ಬೇಡಿದರೆ ಅದು ಹೆಚ್ಚಿನದಲ್ಲ. ಆದರೆ ಅದೇ ವರ್ಷದಲ್ಲಿ ಇನ್ನೂ ಹನ್ನೊಂದು ಗ್ರಂಥಗಳು ಬಾಗಿಲಲ್ಲಿ ಕಾದು ನಿಂತಿದ್ದರೆ ಭಾರತದ ಗತಿಯೇನು?

ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವಣ ಗುಡೂರಿನಂಥ ಊರುಗಳಿಗೆ ಪ್ರಾಚೀನ ಗ್ರಂಥವನ್ನು ಸಂಘವಾಗಿ ಓದುವ ವಿಚಾರವು ಹೊರಗಿನಿಂದ ಬರಬೇಕಾದುದಲ್ಲ. ಶ್ರಾವಣಮಾಸವು ಬಂದಿತೆಂದರೆ ಈ ಸೀಮೆಯ ಮಠ ಗುಡಿಗಳಲ್ಲಿ ಪುರಾಣ ಹಚ್ಚುವ ವಾಡಿಕೆಯು ಬಹು ಹಿಂದಿನದು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ೨೫ ಗತಿಗಳು, ೧೧೧೧ ಪದ್ಯಗಳು. ದಿನಕ್ಕೊಂದು ಗತಿಯಂತೆ ಹಿಡಿದರೆ ಒಂದು ಶ್ರಾವಣದೊಳಗೆ ಅದು ಮುಗಿದು, ಮಂಗಲಕ್ಕೂ ಕೆಲವು ದಿನಗಳು ಉಳಿಯುವವು. ಲಕ್ಷ್ಮೀಶನ ಜೈಮಿನಿ ಭಾರತಕ್ಕೆ ೩೪ ಸಂಧಿಗಳು. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನದಾದರೋ ಹತ್ತು ಪರ್ವ, ನೂರೈವತ್ತರ ಸುಮಾರು ಸಂಧಿ. ರಾತ್ರಿಗೊಂದರಂತೆ ಓದಿದರೂ ಐದು ತಿಂಗಳು ಬೇಕು. ಈ ಕವಿಗಳು ತಮ್ಮ ಕಾವ್ಯವನ್ನು ಗತಿ ಸಂಧಿಗಳಾಗಿ ಕೊಯ್ದಿಟ್ಟ ಅಳತೆಯು ಒಂದು ಬೈಠಕಿಗೆ ಕಿವಿಯು ತಾಳುವ ಅಳತೆಯೇ ಆಗಿರುವದು. ಇಲ್ಲಿ ಪಣವಿಲ್ಲ, ನೇಮವಿದೆ. ಎರಡಕ್ಕೂ ಭೇದವೆಂದರೆ ಇಷ್ಟೇ: ಪಣಕ್ಕೆ ಕೊನೆಯ ದಿನವು ಮುಖ್ಯ, ನೇಮಕ್ಕೆ ಇಂದಿನ ರಾತ್ರಿಯು ಮುಖ್ಯ. ಪಣದಲ್ಲಿ ಹಿಂದೆ ಬಿದ್ದವನು ಹಾಳೆಗಳನ್ನು ಹಾರಿಸಿ ಮುಂದಿನವರನ್ನು ಕೂಡಿಕೊಳ್ಳುವನು. ನೇಮದಲ್ಲಿ ಒಂದು ರಾತ್ರಿ ತಪ್ಪಿದವನು ಮರುದಿನ ನೆರೆಯವನನ್ನು ಕೇಳಿ, ನಿನ್ನಿನ ಕಥೆಯನ್ನು ತಿಳಿದುಕೊಂಡು ಬಂದು ಕೂಡ್ರುವನು. ಹಾಗೆ ಕೇಳಿ ತಿಳಿಯುವಾಗ ಕಾವ್ಯವು ಇನ್ನೊಂದು ಬಾಯಿಯಿಂದ ಇನ್ನೊಂದು ಸಲ ಹೊರಡುವದು.

ಇಂಥ ಓದಿಗೆ ಇಬ್ಬರು ಬೇಕು: ಪದ್ಯವನ್ನು ರಾಗವಾಗಿ ಓದುವವನೊಬ್ಬನು, ಅರ್ಥ ಹೇಳುವವನೊಬ್ಬನು. ಇಳಕಲ್ಲ ಸೀರೆಯಲ್ಲಿ ಒಡಲ ಹಾಸಿಗೂ ಸೆರಗಿನ ಹಾಸಿಗೂ ಎಳೆಎಳೆಗೆ ಕೊಂಡಿ ಹಾಕಿ ಕೂಡಿಸುವ ಕೆಲಸವೊಂದುಂಟಷ್ಟೆ. ಅರ್ಥ ಹೇಳುವವನದು ಅದೇ ಕೆಲಸ. ಕವಿಯ ನುಡಿಗೂ ಕೇಳುವವರ ನುಡಿಗೂ ನಡುವೆ ಅವನು ಕೂಡ್ರದಿದ್ದರೆ ಸೆರಗು ಬೇರೆ, ಸೀರೆ ಬೇರೆ. ಪಟ್ಟಿಯ ಓದಿನಲ್ಲಿ ಇಲ್ಲವಾಗಿರುವವನು ಇವನೇ. ಅಲ್ಲಿ ಪ್ರತಿಯೊಬ್ಬನೂ ತನಗೆ ತಾನೇ ಓದುವವನು, ತನಗೆ ತಾನೇ ಅರ್ಥ ಹೇಳಿಕೊಳ್ಳುವವನು. ಕಾದಂಬರಿಗೆ ಇದು ಸಲ್ಲುವದು. ಸಾವಿರ ವರ್ಷದ ಹಿಂದಿನ ಚಂಪುವಿಗೆ ಸಲ್ಲದು. ಮೂರನೆಯ ಪದ್ಯಕ್ಕೇ ಓದುಗನು ಸೋತು, ತನ್ನ ಬುದ್ಧಿಯೇ ಸಾಲದೆಂದು ತಪ್ಪಾಗಿ ತಿಳಿದು, ಪುಸ್ತಕವನ್ನು ಮುಚ್ಚಿಡುವನು.

ಹಾಗೆಂದು ಹಳೆಯ ಪುರಾಣಸಭೆಯನ್ನು ತಲೆಯ ಮೇಲೆ ಹೊತ್ತು ಕುಣಿಯುವದೂ ಸರಿಯಲ್ಲ. ಆ ಸಭೆಯು ಷಟ್ಪದಿಯನ್ನು ಉಳಿಸಿತು, ಚಂಪುವನ್ನು ಮರೆಯಿತು. ಪಂಪ ರನ್ನರು ಊರ ಗುಡಿಯ ಕಟ್ಟೆಯ ಮೇಲೆ ಶತಮಾನಗಟ್ಟಲೆ ಕೇಳಿಬಂದವರಲ್ಲ. ಪಂಪಭಾರತವು ಬಿ. ಎಲ್. ರೈಸರ ಸಂಪಾದನೆಯಲ್ಲಿ ೧೮೯೮ರಲ್ಲಿ ಅಚ್ಚಾದ ಬಳಿಕವೇ ಅದು ವಿದ್ವಾಂಸರ ಹೊರಗಿನ ಕೈಗಳಿಗೂ ಸಿಕ್ಕಲು ದಾರಿಯಾಯಿತು. ವಚನಗಳ ಸಂಗತಿಯೂ ಬೇರೆ ತೆರನಲ್ಲ. ಕೂಡಲಸಂಗಮವು ಈ ಸೀಮೆಯಲ್ಲಿಯೇ ಇದ್ದರೂ, ಚೆದರಿಹೋಗಿದ್ದ ಓಲೆಗರಿಗಳನ್ನು ಮನೆಮನೆಯಿಂದ ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದು, ಅನಂತರ ವಿಜಯಪುರದಲ್ಲಿ ಮುದ್ರಣಾಲಯವನ್ನೂ ಶಿವಾನುಭವ ಪತ್ರಿಕೆಯನ್ನೂ ನಡೆಯಿಸಿದ ಫ. ಗು. ಹಳಕಟ್ಟಿಯವರ ಶ್ರಮವಿಲ್ಲದೆ ಇಂದಿನ ಓದುಗನ ಕೈಗೆ ಅವು ಈ ಪ್ರಮಾಣದಲ್ಲಿ ಬರುತ್ತಿರಲಿಲ್ಲ. ಇದಲ್ಲದೆ, ಅರ್ಥ ಹೇಳುವವನು ಎಷ್ಟೋ ಸಲ ಪದ್ಯವನ್ನು ಬದಿಗಿಟ್ಟು ತನ್ನ ದೃಷ್ಟಾಂತಗಳಲ್ಲಿಯೇ ವಿಹರಿಸುವನು. ಈಚಿನ ಪ್ರವಚನಗಳಲ್ಲಿ ಕಥೆಯು ಬೆಳೆದು ಪದ್ಯವು ಸೊರಗಿರುವದನ್ನು ಕಿವಿಯುಳ್ಳವರೆಲ್ಲರೂ ಬಲ್ಲರು. ಆದುದರಿಂದ ಮರೆತ ಗ್ರಂಥವನ್ನು ಹುಡುಕಿ ಹೆಸರಿಸುವ ಕೆಲಸಕ್ಕೆ ಪಟ್ಟಿಯೇ ಬೇಕು. ಹೆಸರಿಸಿದ ಮೇಲೆ ಓದುವ ಬಗೆಯನ್ನು ಪುರಾಣಸಭೆಯಿಂದ ಕಡ ತರಬೇಕು.

ಈ ಮಾತಿಗೆ ಗುಡೂರಿನ ಸೀಮೆಯಲ್ಲಿ ವಿಶೇಷ ಬೆಲೆಯುಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಹೇಳಿ, ಅದರ ನಡುವೆ ತಿರುಳ್ಗನ್ನಡದ ನೆಲವನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸಿದೆ. ಕಿಸುವೊಳಲೆಂದರೆ ಬಾದಾಮಿ ತಾಲೂಕಿನ ಪಟ್ಟದಕಲ್ಲು. ಗುಡೂರು ಅದರ ನೆರೆಯ ಸೀಮೆ. ಈ ನೆಲದ ಜನರು ಗ್ರಂಥವಿಟ್ಟು ಓದದೆಯೂ ಕಾವ್ಯದ ಮರ್ಮವನ್ನು ಅರಿತವರೆಂದು ಅದೇ ಗ್ರಂಥವು ಹೊಗಳಿರುವದು. ಬಾದಾಮಿಯ ಬಂಡೆಯ ಮೇಲೆ ಕ್ರಿ. ಶ. ೭೦೦ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನವಿದೆ. ಅದರೊಳಗಿನ ತ್ರಿಪದಿಗಳು ಕನ್ನಡದಲ್ಲಿ ದೊರೆತವುಗಳೊಳಗೆ ಬಹು ಹಳೆಯವು. ಇದೇ ಜಿಲ್ಲೆಯ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ರನ್ನನು ಹುಟ್ಟಿದನು. (ಮುಧೋಳವೆಂದರೆ ಬೇಟೆನಾಯಿಗಳ ಊರೆಂದು ಬಲ್ಲವರು ದೇಶದ ತುಂಬ ಇರುವರು, ಕವಿಯ ಊರೆಂದು ಬಲ್ಲವರು ಅದಕ್ಕಿಂತ ಕಡಿಮೆಯೇ.) ಇಷ್ಟಾಗಿಯೂ, ಶಾಲೆಯ ಪಾಠವನ್ನು ಬಿಟ್ಟ ಮೇಲೆ ರನ್ನನ ಒಂದು ಪದ್ಯವನ್ನಾದರೂ ಬಾಯಿಬಿಟ್ಟು ಓದಿದವರು ಈ ತಿರುಳ್ಗನ್ನಡದ ನೆಲದಲ್ಲಿ ಎಷ್ಟು ಮಂದಿ ದೊರೆತಾರು? ಕವಿಯ ಹೆಸರಿನಲ್ಲಿ ಉತ್ಸವ ನಡೆಯುವದೂ ಕವಿಯು ಓದಲ್ಪಡುವದೂ ಎರಡು ಬೇರೆ ಸಂಗತಿಗಳು.

ಒಂದು ಬಳಗವು ಪಣ ತೊಡುವದಾದರೆ ರನ್ನನ ಗದಾಯುದ್ಧಕ್ಕಿಂತ ಯೋಗ್ಯವಾದ ಗ್ರಂಥವು ಈ ಭಾಗಕ್ಕೆ ಇನ್ನೊಂದಿಲ್ಲ. ಅದು ಸಣ್ಣದು, ಹತ್ತೇ ಆಶ್ವಾಸಗಳು. ಕಥೆಯು ಎಲ್ಲರೂ ಬಲ್ಲುದು. ಕವಿಯು ಯುದ್ಧದ ಕೊನೆಯ ದಿನದಲ್ಲಿ ನಿಂತು ಹಿಂದಣ ಭಾರತವನ್ನೆಲ್ಲ ಸಿಂಹಾವಲೋಕನದಿಂದ ನೋಡುವನು. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಒಂದು ಮಾಡಿ ಕಾವ್ಯಕ್ಕೆ ಸಾಹಸಭೀಮವಿಜಯವೆಂದು ಹೆಸರಿಟ್ಟವನು ರನ್ನ. ಆದರೆ ಕಾವ್ಯದ ಕರುಳು ಎಲ್ಲಿದೆಯೆಂಬದನ್ನು ಹೆಸರಿನಿಂದ ತಿಳಿಯಲಾಗದು. ಸಂಜಯನೊಡನೆ ರಣಭೂಮಿಯನ್ನು ತುಳಿಯುತ್ತ ಭೀಷ್ಮನಿದ್ದೆಡೆಗೆ ನಡೆದ ದುರ್ಯೋಧನನು ದ್ರೋಣನ ಹೆಣದ ಬಳಿ ನಿಲ್ಲುವನು. ಶತ್ರುವಿನ ಮಗನಾದ ಅಭಿಮನ್ಯುವಿನ ಬಳಿ ನಿಂತು ಅವನ ಶೌರ್ಯಕ್ಕೆ ಕೈಮುಗಿಯುವನು. ತನ್ನ ಮಗ ಲಕ್ಷಣಕುಮಾರನನ್ನೂ ತಮ್ಮ ದುಶ್ಶಾಸನನನ್ನೂ ಕಾಣುವನು. ಕಡೆಗೆ ಕರ್ಣನ ಬಳಿ ಕುಸಿಯುವನು. ಕರ್ಣನು ಯಾರ ಮಗನೆಂಬದು ತನಗೆ ತಿಳಿದಿತ್ತೆಂದು ಅವನ ಬಾಯಿಂದ ಹೊರಡುವದು ಅಲ್ಲಿಯೇ. ತಿಳಿದೂ ಬಾಯಿಬಿಡದೆ ಗೆಳೆಯನನ್ನು ಕಳಕೊಂಡವನ ದುಃಖವದು. ಛಲವನ್ನು ಬಿಡದವನು ಎಂದು ಹೊಗಳುವದೋ, ಗೆಳೆಯನನ್ನು ಬಲಿಗೊಟ್ಟವನು ಎಂದು ಜರೆಯುವದೋ? ಕವಿಯು ತೀರ್ಪು ಹೇಳದೆ ಮುಂದಕ್ಕೆ ನಡೆಯುವನು.

ಈ ಭಾಗವು ನಿಂತು ನಿಂತು ನಡೆಯುವ ನಡಿಗೆಯಾಗಿದೆ. ಒಂದೊಂದು ಹೆಣದ ಬಳಿಯೂ ಒಂದು ತಡೆ, ಒಂದು ನೆನಪು, ಒಂದು ನಿಟ್ಟುಸಿರು. ಡಿಸೆಂಬರದೊಳಗೆ ಮುಗಿಸಬೇಕೆಂದು ಹಾಳೆಯನ್ನೆಣಿಸುವವನು ಇಲ್ಲಿ ನಿಲ್ಲಲಾರನು. ನಿಲ್ಲದವನಿಗೆ ಇದು ಬರಿಯ ಶೋಕಪದ್ಯಗಳ ಸಾಲಾಗಿ ತೋರುವದು. ಅದೇ ಹತ್ತು ಜನರ ನಡುವೆ ಒಬ್ಬನು ದುರ್ಯೋಧನನ ಮಾತನ್ನು, ಇನ್ನೊಬ್ಬನು ಸಂಜಯನ ಮಾತನ್ನು ಎತ್ತಿ ಓದಿದರೆ ಕಂಠವೇ ಅರ್ಧ ಅರ್ಥವನ್ನು ಹೇಳಿಬಿಡುವದು. ವೈಶಂಪಾಯನ ಸರೋವರದ ನೀರಿನಲ್ಲಿ ಅಡಗಿದವನು ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗಿದ್ದೂ ಬೆವರುವ ಪದ್ಯವನ್ನು ಕಣ್ಣಿನಿಂದ ಓದಿದವನಿಗೂ ಕಿವಿಯಿಂದ ಕೇಳಿದವನಿಗೂ ಆಗುವ ಅನುಭವವು ಒಂದೇ ಅಲ್ಲ. ರನ್ನನಲ್ಲಿ ಅಡಗಿರುವ ಈ ನಾಟಕಗುಣವನ್ನು ಕಂಡೇ ಬಿ. ಎಂ. ಶ್ರೀಕಂಠಯ್ಯನವರು ಅವನ ಪದ್ಯಗಳನ್ನೇ ಆಯ್ದು ಜೋಡಿಸಿ ಗದಾಯುದ್ಧ ನಾಟಕವನ್ನು ಸಿದ್ಧಪಡಿಸಿದರು. ಹೊಸಬರ ಬಳಗಕ್ಕೆ ಅದು ಒಳ್ಳೆಯ ಹೊಸ್ತಿಲು. ಆದರೆ ಹೊಸ್ತಿಲ ಮೇಲೆಯೇ ಕುಳಿತುಬಿಡಬಾರದು.

ಕಷ್ಟಗಳಿಲ್ಲವೆಂದಲ್ಲ. ಱಕಾರ ೞಕಾರಗಳು ಕಣ್ಣಿಗೆ ಅಪರಿಚಿತ, ಸಂಸ್ಕೃತಸಮಾಸಗಳು ಉದ್ದುದ್ದ, ಕಂದ ವೃತ್ತಗಳ ನಡೆಯು ಷಟ್ಪದಿಯಂತೆ ಕಿವಿಗೆ ಒಮ್ಮೆಗೇ ಒಗ್ಗದು. ಹೊಸಗನ್ನಡದ ಗದ್ಯಾನುವಾದವನ್ನು ಓದಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕಥೆಗೆ ಸಾಕು. ಆದರೆ ರನ್ನನಲ್ಲಿ ಕಥೆಯು ಹೊಸದಲ್ಲ, ನುಡಿಯೇ ಹೊಸದು. ನುಡಿಯನ್ನು ಕಳೆದರೆ ಉಳಿಯುವದು ವ್ಹೀಲರರ ಸಂಗ್ರಹದ ತಮ್ಮನು. ಅನುವಾದವು ಪಕ್ಕದಲ್ಲಿರಲಿ, ಮೂಲವು ಬಾಯಲ್ಲಿರಲಿ. ಡಿ. ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆಯಂಥ ಗ್ರಂಥವು ೧೯೭೧ ರಿಂದಲೂ ಇರುವಾಗ ಹಳಗನ್ನಡಕ್ಕೆ ಸಹಾಯವಿಲ್ಲವೆಂದು ಕೊರಗುವದು ತರವಲ್ಲ. ಪ್ರತಿಗಳ ಮಾತು ಬಂದರಂತೂ ಅತ್ತಿಮಬ್ಬೆಯನ್ನು ನೆನೆಯದಿರಲಾಗದು. ಅಚ್ಚಿಲ್ಲದ ಆ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದ ಮಹಾಸತಿ ಅವಳು. ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದ್ದು ಅವಳ ಆಶ್ರಯದಲ್ಲಿಯೇ. ಅವಳು ಹಂಚಿದುದು ಒಂದೇ ಗ್ರಂಥವನ್ನು, ಸಾವಿರ ಮಂದಿಗೆ. ಸಾವಿರ ಗ್ರಂಥಗಳ ಪಟ್ಟಿಯನ್ನು ಒಬ್ಬನಿಗಲ್ಲ.

ಗುಡೂರಿನಲ್ಲಿ ಹತ್ತು ಮಂದಿ ಕೂಡಿದರೆ ಈ ಓದು ನಡೆದೀತು. ಅವರಲ್ಲಿ ಹಳಗನ್ನಡವನ್ನು ಕಲಿತವನು ಒಬ್ಬನಿದ್ದರೆ ಸಾಕು; ಉಳಿದವರು ನೇಕಾರರಿರಲಿ, ಒಕ್ಕಲಿಗರಿರಲಿ, ಅಂಗಡಿಕಾರರಿರಲಿ. ಶ್ರಾವಣದಲ್ಲಿ ಹಚ್ಚಿ ತಿಂಗಳಿಗೊಂದು ಆಶ್ವಾಸದಂತೆ ಓದಿದರೆ ವೈಶಾಖಕ್ಕೆ ಹತ್ತೂ ಮುಗಿಯುವವು. ಮಿಕ್ಕವು ಎರಡು ತಿಂಗಳು. ಜ್ಯೇಷ್ಠದಲ್ಲಿ ಬಿತ್ತನೆಯ ನಡುವೆ ಒಂದು ದಿನ ಬಿಡುವು ಮಾಡಿಕೊಂಡು, ಬಳಗವೆಲ್ಲ ಬಾದಾಮಿಗೆ ಹೋಗಿ ಕಪ್ಪೆ ಅರಭಟ್ಟನ ತ್ರಿಪದಿಗಳನ್ನು ಬಂಡೆಯ ಎದುರಿಗೇ ನಿಂತು ಓದಿ ಬರಲಿ. ಆಷಾಢದಲ್ಲಿ ಗದಾಯುದ್ಧದ ಮೊದಲನೆಯ ಆಶ್ವಾಸವನ್ನೇ ಮತ್ತೊಮ್ಮೆ ಹಚ್ಚಬೇಕು. ಆಗ ವರ್ಷವೆಲ್ಲ ಅರ್ಥ ಹೇಳಿದವನು ಕೇಳುವವರ ಸಾಲಿನಲ್ಲಿ ಕೂಡ್ರಲಿ, ಕೇಳಿದವರೊಳಗೊಬ್ಬನು ಎದ್ದು ಅರ್ಥ ಹೇಳಲಿ.