ಕೆರೆಯ ವಾರ್ತೆಯಲ್ಲಿ ಪದದೋಷ

ಬರವಣಿಗೆಯ ಗುಣದೋಷಗಳನ್ನು ವಿಚಾರಿಸುವಾಗ ಪದದಿಂದ ಆರಂಭಿಸುವುದು ಆಲಂಕಾರಿಕರ ಕ್ರಮ. ವೃತ್ತಪತ್ರಿಕೆಯ ವಾರ್ತೆಯೂ ಬರವಣಿಗೆಯೇ ಆದುದರಿಂದ ಆ ವಿಚಾರಣೆಗೆ ಹೊರತಲ್ಲ. ಕಾವ್ಯದಲ್ಲಿ ಪದವು ತಪ್ಪಿದರೆ ರಸಭಂಗವಾಗುವುದು. ಕೆರೆಯ ವಾರ್ತೆಯಲ್ಲಿ ಪದವು ತಪ್ಪಿದರೆ ಆ ನೀರನ್ನು ನಂಬಿದ ಊರೇ ಮೋಸಹೋಗುವುದು.

ಮಮ್ಮಟನು ಕಾವ್ಯಪ್ರಕಾಶದಲ್ಲಿ ಎಣಿಸಿರುವ ದೋಷಗಳಲ್ಲಿ ‘ಸಂದಿಗ್ಧ’ವೂ ‘ಅಪ್ರತೀತ’ವೂ ಸೇರಿವೆ. ಅರ್ಥನಿಶ್ಚಯಕ್ಕೆ ಎಡೆಗೊಡದಿರುವುದು ಸಂದಿಗ್ಧ. ಒಂದು ಶಾಸ್ತ್ರವನ್ನು ಬಲ್ಲವರಿಗೆ ಮಾತ್ರ ತಿಳಿಯುವುದು ಅಪ್ರತೀತ. ಮೊದಲನೆಯದಕ್ಕೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರದವರು ಉದಾಹರಣೆಯನ್ನು ದೂರ ಅರಸಬೇಕಾಗಿಲ್ಲ. ಹಿಂದೆ ವಡಿಗೇನಹಳ್ಳಿಯೆನಿಸಿದ್ದ ಈ ಪಟ್ಟಣದ ಹೆಸರನ್ನೇ 2014ನೆಯ ನವೆಂಬರ್ 1ರಿಂದ ಬಿಜಾಪುರವೂ ಪಡೆದಿರುವುದರಿಂದ, ‘ವಿಜಯಪುರದ ಕೆರೆ’ ಎಂಬ ತಲೆಬರೆಹವನ್ನು ಕಂಡವನು ಅದು ಯಾವ ವಿಜಯಪುರವೆಂದು ಒಳಗೆ ಹುಡುಕಬೇಕಾಗಿದೆ. ಇದು ಸಣ್ಣ ತೊಡಕು. ದೊಡ್ಡ ತೊಡಕು ಇರುವುದು ‘ಸಂಸ್ಕರಿಸಿದ ನೀರು’ ಎಂಬ ಮಾತಿನಲ್ಲಿ.

ಬೆಂಗಳೂರಿನ ಚರಂಡಿಯ ನೀರನ್ನು ಸಂಸ್ಕರಿಸಿ ಬಯಲುಸೀಮೆಯ ಕೆರೆಗಳಿಗೆ ತುಂಬಿಸುವ ಯೋಜನೆಗಳಲ್ಲಿ ಎರಡು ಇವು: ಕೋಲಾರದ ಕಡೆಗೆ ಕೋರಮಂಗಲ–ಚಲ್ಲಘಟ್ಟ ಕಣಿವೆಯದು, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯದು. ಈ ಎರಡನೆಯದರ ಪ್ರಮಾಣವನ್ನು ವಾರ್ತೆಗಳು ‘210 ಎಂ.ಎಲ್.ಡಿ.’ ಎಂದು ಬರೆಯುತ್ತವೆ. ಇದು ಅಪ್ರತೀತ. ದಿನಕ್ಕೆ 21 ಕೋಟಿ ಲೀಟರೆಂದರೆ ಬೇಸಾಯಗಾರನಿಗೂ ತಿಳಿಯುವುದು.

ಇನ್ನು ಸಂಸ್ಕಾರವೆಂಬುದು ಒಂದೇ ಕ್ರಿಯೆಯಲ್ಲ. ಮೊದಲ ಹಂತದಲ್ಲಿ ಘನ ಕಲ್ಮಷವು ತಳಕ್ಕಿಳಿಯುವುದು. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಕಳೆಯುವುವು. ಮೂರನೆಯದರಲ್ಲಿ ಉಳಿದ ಸಾರಜನಕ, ರಂಜಕಾದಿಗಳನ್ನು ತೆಗೆದು, ಸೋಸಿ, ರೋಗಾಣುಗಳನ್ನು ನಾಶಮಾಡುವರು. ಕೆರೆಗಳಿಗೆ ಹರಿಸಿದುದು ಎರಡು ಹಂತಗಳನ್ನು ದಾಟಿದ ನೀರು. ಮೂರನೆಯದೂ ಆಗಬೇಕೆಂಬುದೇ ಜನರ ಬೇಡಿಕೆ. ಈ ವಿವಾದದ ತಿರುಳನ್ನೆಲ್ಲ ‘ಸಂಸ್ಕರಿಸಿದ’ ಎಂಬ ಒಂದು ವಿಶೇಷಣವು ಮುಚ್ಚಿಬಿಡುವುದು. ಬಾಗಿನ ಅರ್ಪಿಸಿದವರ ಹೆಸರುಗಳೆಲ್ಲವೂ ಅಚ್ಚಾಗಿ ನೀರಿನ ಗುಣವು ಮಾತ್ರ ಅಚ್ಚಾಗದಿದ್ದರೆ, ಆ ವಾರ್ತೆ ಉತ್ಸವದ ವರ್ಣನೆಯೇ ಹೊರತು ಕೆರೆಯ ವಾರ್ತೆಯಲ್ಲ.

ಹಾಗೆಂದು ನೀರೇ ಬೇಡವೆನ್ನುವ ಸೀಮೆಯೂ ಇದಲ್ಲ. ವಿಜಯಪುರದ ಗೂಡಿನ ಮಾರುಕಟ್ಟೆಯನ್ನು ನಡೆಸುವ ಹಿಪ್ಪುನೇರಳೆಯೂ, ಸುತ್ತಣ ದ್ರಾಕ್ಷಿಯ ತೋಟಗಳೂ ಕೊಳವೆಬಾವಿಗಳನ್ನು ಆಶ್ರಯಿಸಿವೆ. ಕೋಲಾರದಲ್ಲಿ ಕೆರೆಗಳು ತುಂಬಿದ ಮೇಲೆ ಬತ್ತಿದ ಬಾವಿಗಳಲ್ಲಿ ನೀರೇರಿದುದೂ ನಿಜ. 2018ನೆಯ ಜುಲೈನಲ್ಲಿ ಅಲ್ಲಿಯ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದುದೂ ನಿಜ. ಬೆಳ್ಳಂದೂರಿನ ನೊರೆಯನ್ನು ಕಂಡಿದ್ದ ಜನರಿಗೆ ಅದರ ಅರ್ಥ ಹೊಸದಾಗಿರಲಿಲ್ಲ. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿಯವರ ಅರ್ಜಿಯ ಮೇಲೆ ಹೈಕೋರ್ಟು ಅದೇ ತಿಂಗಳು ತಡೆಯಾಜ್ಞೆ ನೀಡಿತು. ವ್ಯಾಜ್ಯವು 2019ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನೀರು ಮತ್ತೆ ಹರಿಯಿತು. ಆದರೂ ‘ಎಷ್ಟನೆಯ ಹಂತ?’ ಎಂಬ ಪ್ರಶ್ನೆ ಅಂದಿನಿಂದ ಹಳ್ಳಿಯ ಕಟ್ಟೆಗಳ ಮೇಲಿನ ಮಾತಾಯಿತು. ವಾರ್ತೆಯು ಜನರ ಬಾಯಿಗೆ ಸರಿಯಾದ ಪದವನ್ನು ಕೊಟ್ಟಾಗ ದೊರೆಯುವ ಫಲವಿದು.

ದೋಷವು ಪತ್ರಿಕೆಗಳದು ಮಾತ್ರವಲ್ಲ. ಜನರ ಮನವಿಗಳಲ್ಲಿ ಎಲ್ಲ ನೀರೂ ‘ವಿಷ’ವೇ ಆಗುವುದುಂಟು. ಅತಿಶಯೋಕ್ತಿ ಕಾವ್ಯಕ್ಕೆ ಭೂಷಣ, ಮನವಿಗೆ ದೂಷಣ. ಒಂದು ಪರೀಕ್ಷಾಪತ್ರವನ್ನು ಎದುರಿಟ್ಟು ಅಧಿಕಾರಿಗಳು ಅದನ್ನು ಸುಲಭವಾಗಿ ತಳ್ಳಿಹಾಕಬಲ್ಲರು. ದೊಡ್ಡಬಳ್ಳಾಪುರದ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳ ಮಾಲಿನ್ಯಕ್ಕಾಗಿ ಸುತ್ತಣ ಗ್ರಾಮಸ್ಥರು ಹೋರಾಡಿದ್ದಾರೆ. ಇಂತಹ ಹೋರಾಟದ ವಾರ್ತೆಯು ಧರಣಿಯ ದಿನಕ್ಕೆ ಮುಗಿಯಬಾರದು. ಮುಂದಿನ ತಿಂಗಳು ಕೆರೆ ಹೇಗಿತ್ತೆಂಬುದನ್ನೂ ಹೇಳಬೇಕು.

ನೀರು ಎಲ್ಲಿಂದ ಬಂತು, ಎಷ್ಟು ಹಂತ ದಾಟಿತು, ಯಾರು ಯಾವ ದಿನ ಪರೀಕ್ಷಿಸಿದರು, ಕಂಡುಬಂದುದೇನು: ಈ ನಾಲ್ಕಕ್ಕೆ ಉತ್ತರವಿರುವ ವಾರ್ತೆ ಹತ್ತೇ ಸಾಲಿನದಾದರೂ ಸಾಕು. ಅದನ್ನು ಕತ್ತರಿಸಿಕೊಂಡು ಗ್ರಾಮಸಭೆಗೆ ಹೋದವನಿಗೆ, ಮಾತಾಡಲು ಎದ್ದು ನಿಂತಾಗ, ಕೈಯಲ್ಲಿ ಹಿಡಿದು ತೋರಿಸಲು ಒಂದು ಆಧಾರವಿರುವುದು.